ಅಪ್ಪ ತುಂಬಿದ ಗಾದಿ

"ಚನ್ನಗಿರಿ ಬಸ್ ಸ್ಟ್ಯಾಂಡಿನಾಗ ಇದೀನವ್ವಾ, ಊಟದ ಹೊತ್ತಿಗೆ ಬರ್ತೀನಿ" ಅಂತ ಅಪ್ಪನ ಫೋನು ಬಂತು. ತವರಿನವರು ಬರುತ್ತಾರೆ ಅಂದರೆ ಬೇರೆ ಹೆಣ್ಣುಮಕ್ಕಳು ಕೋಳಿ ತರಿಸುತ್ತಾರೆ. ನಾನು ಓಡಿಹೋಗಿ ನೆಲದ ಮೇಲಿದ್ದ ಚಾಪೆ ಸುತ್ತಿ ಅಟ್ಟಕ್ಕೆ ಎಸೆದೆ. ಮಂಚದ ಮೇಲಿನ ಗಾದಿಗೆ ಹೊಸ ಚಾದರ ಹಾಸಿ, ಯಾರೋ ಮಲಗಿ ಎದ್ದಂತೆ ಕಾಣಲೆಂದು ಒಂದಿಷ್ಟು ಮುದುಡಿದೆ. ಬಗ್ಗಿದ್ದಕ್ಕೆ ಸೊಂಟ ಚಳಕ್ ಅಂತು. ಕಳ್ಳರಿಗೂ ಇಷ್ಟು ಎದೆ ಹೊಡೆದುಕೊಳ್ಳಲಿಕ್ಕಿಲ್ಲ.

ನಮ್ಮದು ಹತ್ತಿ ಹಿಂಜಿ ಗಾದಿ ಹೊಲಿಯುವ ಮನೆತನ. ನನ್ನನ್ನು ಹೊನ್ನಾಳಿಗೆ ಮದುವೆ ಮಾಡಿಕೊಟ್ಟಾಗ ಅಪ್ಪ ಈ ಗಾದಿಯನ್ನು ತಾನೇ ಕೂತು ಹೊಲಿದ. ಬೂರುಗದ ಹತ್ತಿಯನ್ನು ಹಿಡಿಸುವಷ್ಟೂ ತುಂಬಿದ, ಹಿಡಿಸದಿದ್ದರೂ ತುಂಬಿದ. ಸಾಕು ಅಂದ ಅಮ್ಮನಿಗೆ, "ನನ್ನ ಮಗಳ ಮೈಗೆ ಮಂಚದ ಹಲಗೆ ತಾಗಬಾರ್ದು" ಅಂತ ಗದರಿದ. ಆಮೇಲೆ ಅವನ ಕಣ್ಣು ಮಂಜಾಯಿತು, ಅಂಗಡಿ ತಮ್ಮನ ಕೈಗೆ ಹೋಯಿತು, ತಮ್ಮ ಫೋಮು ಮಾರತೊಡಗಿದ. ಅಪ್ಪ ಕೈಯಾರೆ ಹೊಲಿದ ಕೊನೆಯ ಗಾದಿ ಇದು. ನಮ್ಮ ಮನೆಗೆ ಬಂದಾಗಲೆಲ್ಲ ಮೊದಲು ಅದನ್ನು ಸವರಿ, ಆಮೇಲೆ ನನ್ನನ್ನು ಮಾತಾಡಿಸುತ್ತಾನೆ.

ಆ ಗಾದಿ ನನ್ನ ಸೊಂಟ ಮುರಿದಿತ್ತು. ಬೂರುಗದ ಹತ್ತಿ ಮೆತ್ತಗೆ, ಮಲಗಿದರೆ ನಡುಮಧ್ಯೆ ಹೂತುಹೋಗುತ್ತಿದ್ದೆ. ಬೆಳಿಗ್ಗೆ ಮಂಚದ ಕಟ್ಟು ಹಿಡಿಯದೆ ಏಳಲು ಆಗುತ್ತಿರಲಿಲ್ಲ. ಮೊದಲು ನನ್ನ ಹೊಲಿಗೆ ಮಷೀನನ್ನು ಬೈದೆ, ಆಮೇಲೆ ನ್ಯಾಮತಿ ರಸ್ತೆಯ ಗುಂಡಿಗಳನ್ನು, ಕಡೆಗೆ ಗಂಡನ ಬೈಕನ್ನು. ಡಾಕ್ಟರು ಎಕ್ಸ್‌ರೇ ನೋಡಿ, "ಮೂಳೆ ಚೆನ್ನಾಗೈತಮ್ಮ. ಎಂಥದ್ರ ಮೇಲೆ ಮಲಗ್ತೀರಿ?" ಅಂದರು. ಸ್ವಲ್ಪ ದಿನ ನೆಲದ ಮೇಲೆ ಮಲಗಿ ನೋಡಲು ಹೇಳಿದರು. ನೋವು ಇಳಿಯತೊಡಗಿತು, ಭಯ ಏರತೊಡಗಿತು. ಮೂಳೆಯೇ ಸವೆದಿದ್ದರೆ ಅಪ್ಪನಿಗೆ ಹೇಳಬಹುದಿತ್ತು. ಇದನ್ನು ಯಾವ ಬಾಯಿಂದ ಹೇಳುವುದು? ನಮ್ಮ ಮನೆಯವರು, "ನಿನ್ನ ತಮ್ಮನ ಅಂಗಡಿಯಾಗೇ ಒಂದು ಫೋಮ್ ಗಾದಿ ತಗಳ್ಳೋಣ ಬಿಡು" ಅಂದರು. ಆ ಸುದ್ದಿ ಅಪ್ಪನ ಕಿವಿಗೆ ಬಿದ್ದರೆ ಅವನು ಉಣ್ಣುವುದನ್ನೂ ಬಿಟ್ಟಾನು ಅಂತ ಹೆದರಿ ಅವರ ಬಾಯಿ ಮುಚ್ಚಿಸಿದ್ದೆ.

ಅಪ್ಪ ಬಂದ, ಗಾದಿ ಸವರಿದ, ಉಂಡ. "ಸ್ವಲ್ಪ ಒರಗ್ತೀನಿ, ಚಾಪೆ ಹಾಕವ್ವಾ" ಅಂದ. ಬೇರೆಯವರಿಗೆಂದು ಹೊಲಿದ ಗಾದಿಯ ಮೇಲೆ ಹೊಲಿದವರು ಮಲಗಬಾರದು ಎಂಬುದು ನಮ್ಮ ಮನೆತನದ ಕಟ್ಟುಪಾಡು. ಅಂಗೈಯಲ್ಲಿ ಒತ್ತಿ ನೋಡಿದರೆ ಮುಗಿಯಿತು. ಊರಿಗೆಲ್ಲ ಗಾದಿ ಹೊಲಿದ ಅಪ್ಪ ತಾನು ಮಲಗಿದ್ದು ಚಾಪೆಯ ಮೇಲೇ.

ಅಟ್ಟದಿಂದ ಅದೇ ಚಾಪೆ ಇಳಿಸಿ ಹಾಸಿದೆ. ಇದ್ದದ್ದೂ ಅದೊಂದೇ. ಅಪ್ಪ ತಲೆಯಿಟ್ಟವನು ಮೂಗು ಅರಳಿಸಿದ. ಕಣ್ಣು ಮಂಜಾದರೇನು, ಮೂಗು ಚುರುಕಾಗಿಯೇ ಇತ್ತು.

"ನೋವಿನ ಮುಲಾಮಿನ ವಾಸನೆ ಐತಲ್ಲ. ಯಾರು ಮಲಗ್ತಾರೆ ಇದರ ಮೇಲೆ?"

"ಅತ್ತೆ ಬಂದಿದ್ರು" ಅಂದೆ. ನನ್ನ ದನಿ ನನಗೇ ಸುಳ್ಳು ಅನ್ನಿಸಿತು.

ಅಪ್ಪ ಎದ್ದು ಗೋಡೆ ಹಿಡಿದುಕೊಂಡು ಕೋಣೆಗೆ ಹೋದ. ಗಾದಿಯ ಅಂಚಿನಲ್ಲಿ ಕೂತ, ಆಮೇಲೆ ಅದರ ಮೇಲೆ ಉದ್ದಕ್ಕೆ ಮಲಗಿಯೇಬಿಟ್ಟ. ಅವನಿಗಾದರೂ ಅದು ಹಿತವಾಗಿರಲಿ, ನನ್ನ ಸೊಂಟದಲ್ಲೇ ಐಬು ಇರಲಿ ದೇವರೇ ಅಂತ ಬಾಗಿಲಲ್ಲಿ ನಿಂತು ಬೇಡಿಕೊಂಡೆ.

ಸ್ವಲ್ಪ ಹೊತ್ತಿಗೆ ಅಪ್ಪ ಏಳಲು ನೋಡಿದ. ಆಗಲಿಲ್ಲ. ಮಗ್ಗುಲಾದ. ಅವನ ಕೈ ಆಸರೆಗೆ ತಡಕಾಡಿ, ನಾನು ದಿನಾ ಹಿಡಿಯುತ್ತಿದ್ದ ಜಾಗದಲ್ಲೇ ಮಂಚದ ಕಟ್ಟನ್ನು ಹಿಡಿಯಿತು. ಓಡಿಹೋಗಿ ಎಬ್ಬಿಸಿ ಕೂರಿಸಿದೆ. ಅಳು ಬಂದುಬಿಟ್ಟಿತು.

"ಇಷ್ಟು ವರ್ಷ ಇದರ ಮೇಲೆ ಮಲಗಿದ್ಯಾ? ಹೇಳಾಕೆ ಏನಾಗಿತ್ತವ್ವಾ ನಿನಗೆ?"

"ನಿನಗೆ ಬೇಜಾರಾಗ್ತೈತೆ ಅಂತ..."

ಅಪ್ಪ ಗಾದಿಯ ಮೇಲೆ ಅಂಗೈ ಊರಿ ಅಲ್ಲಲ್ಲಿ ಒತ್ತಿ ನೋಡಿದ. ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ. ಕೊನೆಗೆ ಕತ್ತರಿ ಕೇಳಿದ. ಗಾದಿಯ ಅಂಚು ನಾನೇ ಬಿಚ್ಚಿದೆ. ಇಬ್ಬರೂ ಕೂತು ಹಳೇ ಸೀರೆಯ ಮೇಲೆ ಹತ್ತಿ ಕೀಳತೊಡಗಿದೆವು. ಅರ್ಧ ತೆಗೆದು, ಉಳಿದದ್ದನ್ನು ಬಿಡಿಸಿ ಸಮ ಮಾಡಿ ಹೊಲಿಯಬೇಕು ಅಂದ. ದಬ್ಬಳಕ್ಕೆ ದಾರ ನಾನು ಪೋಣಿಸಬೇಕಂತೆ. ನನಗೆ ಸ್ವಲ್ಪ ಉಸಿರು ಬಂತು. ಗಂಡಾಂತರ ಕಳೆಯಿತು ಅಂದುಕೊಂಡೆ.

ಅಷ್ಟರಲ್ಲಿ ಅಪ್ಪನ ಕೈ ನಿಂತಿತು.

"ಮದುವೆ ಗಾದಿ ಅಂದ್ರೆ ಎಲ್ಲಾರಿಗೂ ಹಿಂಗೇ ತುಂಬಿದೀನವ್ವಾ. ಜಗಳೂರಿಗೆ ಕೊಟ್ಟ ಹುಡುಗೀಗೆ, ನ್ಯಾಮತಿಗೆ ಕೊಟ್ಟೋಳಿಗೆ, ಸಾಸ್ವೆಹಳ್ಳಿಗೆ ಕೊಟ್ಟೋಳಿಗೆ. ಅವರಪ್ಪಂದಿರು ಎದುರಿಗೇ ನಿಂತು, ಇನ್ನಷ್ಟು ತುಂಬು, ಇನ್ನಷ್ಟು ತುಂಬು ಅಂತಿದ್ರು. ಒಬ್ಬ ಹುಡುಗೀನೂ ಸರಿಯಿಲ್ಲ ಅಂತ ವಾಪಸ್ ಕಳಿಸಲಿಲ್ಲ. ಚೆನ್ನಾಗೈತೆ ಅಂದ್ಕಂಡಿದ್ದೆ."

ಯಾವ ಯಾವ ಮನೆಯಲ್ಲಿ ಯಾರ್ಯಾರು ಮಂಚದ ಕಟ್ಟು ಹಿಡಿದು ಏಳುತ್ತಿದ್ದಾರೋ.

"ಹೋಗಿ ಕೇಳ್ಕಂಡು ಬರ್ತೀನಿ" ಅಂದ. "ಕೇಳಿದ್ರೆ ಹೇಳ್ತಾರೇನವ್ವಾ?"

"ಹೇಳ್ತಾರೆ" ಅಂದೆ. "ಅವರಪ್ಪಂದಿರ ಮುಂದೆ ಮಾತ್ರ ಕೇಳಬೇಡ."