ಕುಸುಮಾ ಕಂಡ ನಲವತ್ತು ಸೆಕೆಂಡು

ಮಲ್ಲತ್ತಹಳ್ಳಿಯ ಕುಸುಮಾ ವಿಜಯನಗರದ ಒಂದು ಸಣ್ಣ ರಕ್ತಪರೀಕ್ಷೆ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷದಿಂದ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂತವಳು. ಕಂಡಷ್ಟನ್ನು ಬರೆಯುವುದು ಅವಳ ಕೆಲಸ. ಕಂಡದ್ದಕ್ಕೆ ಅರ್ಥ ಹೇಳುವುದು ಡಾಕ್ಟರ ಕೆಲಸ. ರಿಪೋರ್ಟು ಹಿಡಿದು ಯಾರು ಎಷ್ಟು ಗೋಗರೆದರೂ "ಅದನ್ನ ಡಾಕ್ಟ್ರನ್ನೇ ಕೇಳಿ" ಅನ್ನುವುದು ಬಿಟ್ಟು ಇನ್ನೊಂದು ಮಾತು ಅವಳ ಬಾಯಿಂದ ಬಂದದ್ದಿಲ್ಲ. ಇಂಥವಳ ಮಾತಿಗೇ ಊರು ರೆಕ್ಕೆಪುಕ್ಕ ಕಟ್ಟಿಬಿಟ್ಟಿತು ನೋಡಿ.

ಒಂದು ದಿನ ಬೆಳಗಿನ ಜಾವ ಕೆರೆ ಏರಿಯ ಮೇಲೆ ವಾಕಿಂಗ್ ಹೋಗಿದ್ದಾಗ ನೀರಿನ ಮೇಲೆ ಒಂದು ಬೆಳಕು ನಿಂತಿತ್ತು. ಕಿತ್ತಳೆ ಬಣ್ಣ, ದುಂಡಗೆ, ಸದ್ದಿಲ್ಲ. ರಕ್ತಕಣ ಎಣಿಸಿ ಎಣಿಸಿ ಬಂದ ಅಭ್ಯಾಸ, ಅದನ್ನೂ ಎಣಿಸಿದಳು. ನಲವತ್ತು ಸೆಕೆಂಡು. ಆಮೇಲೆ ಅದು ಕೆಂಗೇರಿ ಕಡೆಗೆ ಸರಿದು ಆರಿಹೋಯಿತು. ಮನೆಗೆ ಬಂದು ಗಂಡ ಮೋಹನ್ ಕುಮಾರನಿಗೆ ಹೇಳಿದಳು. ಅವನು ಇಡ್ಲಿ ತಿನ್ನುತ್ತಲೇ ಅಣ್ಣನಿಗೆ ಫೋನು ಹಚ್ಚಿದ. ಕೆಟ್ಟಿದ್ದೇ ಅಲ್ಲಿ.

ಅಣ್ಣ ನಂಜುಂಡಪ್ಪ ಊರಮ್ಮನ ಗುಡಿಯ ಪೂಜಾರಿ. ಅವನ ಜೀವದ ಗೆಳೆಯ ಪಂಚಾಕ್ಷರಿ ಬಸವೇಶ್ವರನಗರದ ರಿಟೈರ್ಡ್ ಮೇಷ್ಟ್ರು. ಹಾರುವ ತಟ್ಟೆಗಳಲ್ಲಿ ಬಂದುಹೋಗುವವರು ನಮ್ಮ ದೇವರುಗಳೇ ಎಂದು ಭಾನುವಾರ ಭಾನುವಾರ ಭಾಷಣ ಮಾಡುವವನು. ಒಬ್ಬನಿಗೆ ಅಮ್ಮ ಸಿಕ್ಕಳು, ಇನ್ನೊಬ್ಬನಿಗೆ ತಟ್ಟೆ ಸಿಕ್ಕಿತು. ವಾರದೊಳಗೆ ಕೆರೆ ಏರಿಯ ಮೇಲೆ ಆಳೆತ್ತರದ ಫ್ಲೆಕ್ಸು ಎದ್ದಿತು: 'ವಿಮಾನವೇರಿ ಬಂದು ಅಮ್ಮ ದರ್ಶನ ಕೊಟ್ಟ ಸ್ಥಳ'. ಗೋಪುರ ಹೊತ್ತ ತಟ್ಟೆಯ ಚಿತ್ರ, ಅದರ ಪಕ್ಕ ದುಂಡನೆ ಚೌಕಟ್ಟಿನಲ್ಲಿ ಕುಸುಮಾಳ ಫೋಟೊ. ಶುಕ್ರವಾರ ಬೆಳಿಗ್ಗೆ ಗುಡಿಯಲ್ಲಿ ಅವಳು ಮೈಕಿನಲ್ಲಿ ಸಾಕ್ಷಿ ಹೇಳಬೇಕು ಎಂದೂ ಕೆಳಗೆ ಅಚ್ಚಾಗಿತ್ತು.

"ಬಾವ, ನಾನು ದೇವ್ರು ಅಂದಿಲ್ಲ, ವಿಮಾನ ಅಂದಿಲ್ಲ. ಬೆಳಕು ಅಂದೆ ಅಷ್ಟೇ. ನನ್ ಫೋಟೊ ತೆಗೀರಿ."

"ನೀನು ಅನ್ನದಿದ್ರೆ ಏನಾಯ್ತಮ್ಮ? ನಿನಗೆ ಕಾಣ್ಸಿದ್ದು ಅಮ್ಮನೇ."

"ತಾವು ಲ್ಯಾಬ್‌ನವರು ಮೇಡಂ," ಪಂಚಾಕ್ಷರಿ ಕೈ ಮುಗಿದ. "ನೀವು ಹೇಳಿದ್ರೆ ಸೈನ್ಸೇ ಹೇಳ್ದಂಗೆ!"

ಕುಸುಮಾ ಹಲ್ಲು ಕಡಿದಳು. ಲ್ಯಾಬಿನಲ್ಲಿ ಅವಳ ಸಹಿಗೆ ಬೆಲೆ ಇರುವುದೇ ಕಾಣದ್ದನ್ನು ಬರೆಯದೆ ಇದ್ದದ್ದಕ್ಕೆ. ಆ ಹೆಸರನ್ನೇ ಇವರು ತಟ್ಟೆಗೆ ಅಂಟಿಸಿದ್ದರು.

ಶುಕ್ರವಾರ ಗುಡಿ ತುಂಬಿತ್ತು. ಮೈಕು ಕೈಗೆ ಬಂದಾಗ ಕುಸುಮಾ ನೇರವಾಗಿ ಹೇಳಿದಳು: "ಏನು ಅಂತ ನನಗೆ ಗೊತ್ತಿಲ್ಲ. ನನ್ನನ್ಯಾಕೆ ಕೇಳ್ತೀರ? ಅಮ್ಮನ್ನೇ ಕೇಳಿ. ಹೂ ಕೇಳಿ ಬಾವ."

ಊರಿನ ಪದ್ಧತಿ ಅದು. ಅಮ್ಮನ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸಿ ಪ್ರಶ್ನೆ ಕೇಳಬೇಕು. ಅಮ್ಮನ ಬಲಭುಜದ್ದು ಬಿದ್ದರೆ ಹೌದು, ಎಡದ್ದು ಬಿದ್ದರೆ ಇಲ್ಲ. ಅಷ್ಟು ಜನರೆದುರು ನಂಜುಂಡಪ್ಪ ಆಗುವುದಿಲ್ಲ ಅನ್ನುವಂತಿರಲಿಲ್ಲ. ಹೂ ಅಂಟಿಸಿ ಗಂಟೆ ಬಾರಿಸಿದ. "ಕೆರೆ ಮ್ಯಾಲೆ ಬಂದಿದ್ದು ನೀನೇ ಏನವ್ವ?"

ಎಡಭುಜದ ಸೇವಂತಿಗೆ ತಟ್ಟನೆ ಬಿತ್ತು.

ಕುಸುಮಾಳಿಗೆ ಎದೆ ಹಗುರಾಗುವಷ್ಟರಲ್ಲಿ ಪಂಚಾಕ್ಷರಿ ಎದ್ದು ನಿಂತ. "ಒಂದ್ನಿಮಿಷ! ಅಮ್ಮ ನಮ್ ಕಡೆ ಮುಖ ಮಾಡವಳೆ. ನಾವ್ ನಿಂತಿರೋ ಕಡೆಯಿಂದ ಲೆಕ್ಕ ಹಾಕಿ. ಬಿದ್ದಿದ್ದು ನಮ್ ಬಲಕ್ಕೆ!"

ನಂಜುಂಡಪ್ಪನ ಮುಖಕ್ಕೆ ಕಳೆ ಬಂತು. "ಹೂಂ ಕಣ್ರಪ್ಪ, ಬಲಕ್ಕೇ! ಅಮ್ಮ ಒಪ್ಕೊಂಡ್ಲು!"

"ಬಾವ," ಕುಸುಮಾ ಮೈಕನ್ನು ಬಾಯಿ ಹತ್ತಿರ ತಂದಳು. "ನನ್ ಮದುವೆಗೆ ನೀವೇ ಅಲ್ವಾ ಹೂ ಕೇಳಿದ್ದು? ಅವತ್ತು ಬಿದ್ದಿದ್ದು ಅಮ್ಮನ ಬಲದ್ದು. ಅಂದ್ರೆ ಇವತ್ತಿನ ಲೆಕ್ಕದಲ್ಲಿ ಎಡಕ್ಕೆ. ಹಂಗಾದ್ರೆ ಅಮ್ಮ ಬೇಡ ಅಂದಿದ್ಲು. ಇಪ್ಪತ್ತು ವರ್ಷ ನಾನ್ ಯಾವ ಲೆಕ್ಕದಲ್ಲಿ ನಿಮ್ಮನೇಲಿದ್ದೆ?"

ಹೆಂಗಸರ ಸಾಲಿನಲ್ಲಿ ಕಿಸಕ್ಕನೆ ನಗು ಹರಿಯಿತು. "ಅಯ್ಯೋ, ನಮ್ ಹುಡುಗಂದೂ ಇಲ್ಲೇ ಕೇಳಿದ್ದು ಕಣೇ," ಎಂದಳು ಬೋರಜ್ಜಿ.

ಮೋಹನ್ ಕುಮಾರ ಕೆಂಪಾದ. "ಲೇ, ಮನೆ ವಿಷ್ಯ ಇಲ್ಲಿ ಯಾಕೆ ತರ್ತೀಯ?"

"ಬೆಳಕಿನ ವಿಷ್ಯ ಇಲ್ಲಿಗೆ ತಂದವ್ರು ಯಾರು?"

ನಂಜುಂಡಪ್ಪ ಎಲ್ಲ ಪೂಜಾರಿಗಳಿಗೂ ಗೊತ್ತಿರುವ ದಾರಿ ಹಿಡಿದ. "ಮಂಗಳಾರತಿ! ಮಂಗಳಾರತಿ! ಎಲ್ರೂ ಕೈ ಮುಗೀರಿ!" ಗಂಟೆ, ತಮಟೆ ಒಟ್ಟಿಗೆ ಮೊಳಗಿದವು. ಕುಸುಮಾಳ ಕೈಲಿದ್ದ ಮೈಕನ್ನು ಪಂಚಾಕ್ಷರಿ ಮೆಲ್ಲಗೆ ಬಿಡಿಸಿಕೊಂಡು ಕೂಗಿದ: "ಕೇಳಿದ್ರಲ್ಲ! ಪೂರ್ತಿ ನಲವತ್ತು ಸೆಕೆಂಡು ದರ್ಶನ!" ಅವಳು ಆ ಅಂಕಿಯನ್ನು ಅಲ್ಲಿ ಹೇಳಿಯೇ ಇರಲಿಲ್ಲ. ಬೋರಜ್ಜಿ ಬಂದು ಅವಳ ಪಾದಕ್ಕೆ ಬಗ್ಗಿದಳು.

"ಏಳಜ್ಜಿ! ನನಗೇನೂ ಗೊತ್ತಿಲ್ಲ!"

"ಗೊತ್ತಿರೋರು ಹಿಂಗೇ ಅನ್ನೋದು ಕಣವ್ವ."

ಕುಸುಮಾ ಗುಡಿಯಿಂದ ದಡದಡನೆ ಇಳಿದಳು. ಬಾಗಿಲಲ್ಲಿ ಹೂ ಮಾರುವವಳ ಕತ್ತರಿ ಇಸ್ಕೊಂಡು ನೆಟ್ಟಗೆ ಕೆರೆ ಏರಿಗೆ ನಡೆದಳು. ಹಾದುಹೋಗುವವರು ನಿಂತು ನೋಡುತ್ತಿದ್ದರೂ ಫ್ಲೆಕ್ಸಿನಿಂದ ತನ್ನ ಮುಖವನ್ನು ಕತ್ತರಿಸಿ ತೆಗೆದಳು, ನಾಲ್ಕಾಗಿ ಹರಿದು ಬ್ಯಾಗಿಗೆ ತುರುಕಿಕೊಂಡು ಲ್ಯಾಬಿಗೆ ಬಸ್ಸು ಹತ್ತಿದಳು.

ಮಾರನೆ ದಿನ ಬೆಳಿಗ್ಗೆ ವಾಕಿಂಗ್ ಬಂದಾಗ ಫ್ಲೆಕ್ಸು ಹಾಗೇ ಇತ್ತು. ಅವಳ ಮುಖವಿದ್ದ ಜಾಗದ ದುಂಡನೆ ತೂತಿನ ಸುತ್ತ ಯಾರೋ ಅರಿಶಿನ ಕುಂಕುಮ ಹಚ್ಚಿದ್ದರು. ಪಂಚಾಕ್ಷರಿ ಮೊಬೈಲು ಹಿಡಿದು, ಆ ತೂತಿನೊಳಗಿಂದ ಕೆರೆ ಕಾಣುವಂತೆ ಫೋಟೊ ತೆಗೆಯುತ್ತಿದ್ದ.

"ಬನ್ನಿ ಮೇಡಂ, ಬನ್ನಿ," ಅಂದ. "ಬೆಳಕಿನ ಗಾತ್ರ ಇಷ್ಟೇ ಇತ್ತಾ?"