ಕಡಲು ನುಂಗಿತು ಎಂಬ ಮಾತು

ಕತೆಗಳಲ್ಲಿ ಸಾವಿಗೆ ಎಷ್ಟೊಂದು ಹೆಸರು! ಒಬ್ಬ ಕಣ್ಣು ಮುಚ್ಚುತ್ತಾನೆ, ಇನ್ನೊಬ್ಬ ಶಿವನ ಪಾದ ಸೇರುತ್ತಾನೆ, ಕೆಟ್ಟವನಾದರೆ ಗೊಟಕ್ ಎನ್ನುತ್ತಾನೆ. ನಾನೂ ಕತೆ ಬರೆಯುವವಳೇ. ಇವನ್ನೆಲ್ಲ ಒಗ್ಗರಣೆಗೆ ಸಾಸಿವೆ ಹಾಕಿದಷ್ಟು ಸಲೀಸಾಗಿ ಬಳಸಿದ್ದೇನೆ. ಆದರೆ ಕಾಪುವಿನ ನಮ್ಮ ಮನೆಯಲ್ಲಿ ಅಣ್ಣನ ಬಗ್ಗೆ ಇವುಗಳಲ್ಲಿ ಒಂದನ್ನೂ ಆಡುವ ಹಾಗಿರಲಿಲ್ಲ. ಅವನ ದೋಣಿ ಮಗುಚಿ ವರ್ಷಗಳೇ ಆದವು. ದೋಣಿ ಸಿಕ್ಕಿತು, ಅವನು ಸಿಗಲಿಲ್ಲ. ಯಾರಾದರೂ ಕೇಳಿದರೆ ಅಮ್ಮ, "ಕಡಲಿಗೆ ಹೋಗಿದ್ದಾನೆ" ಎನ್ನುತ್ತಿದ್ದಳು.

ಮಳೆಗಾಲದ ಆಟಿ ತಿಂಗಳಲ್ಲಿ ಸತ್ತವರಿಗೆ ಬಡಿಸುವ ಕ್ರಮ ನಮ್ಮಲ್ಲಿ ಉಂಟು. ಒಳಕೋಣೆಯಲ್ಲಿ ಒಬ್ಬೊಬ್ಬರಿಗೂ ಬಾಳೆಲೆ ಹಾಕಿ, ಕೋಳಿ ಸಾರು, ದೋಸೆ ಬಡಿಸಿ, ಬಾಗಿಲು ಎಳೆದುಕೊಂಡು ಹೊರಗೆ ಕಾಯಬೇಕು. ಅವರ ಊಟ ಆಯಿತೆನ್ನಿಸಿದ ಮೇಲೆ ಬಾಗಿಲು ತಟ್ಟಿ ತೆರೆಯಬೇಕು. ಅಜ್ಜನಿಗೊಂದು ಎಲೆ, ಅಪ್ಪನಿಗೊಂದು. ಅಣ್ಣನಿಗೆ ಮಾತ್ರ ಅಮ್ಮ ಹಾಕಗೊಡಲಿಲ್ಲ. ಹಾಕಿದರೆ ಸತ್ತನೆಂದು ಒಪ್ಪಿದಂತೆ. ಎಲೆ ಸಿಗದವನು ಹಸಿದು ಮನೆ ಸುತ್ತುತ್ತಾನೆ ಎಂದು ಬಂಧುಗಳು ಹೇಳಿ ಹೇಳಿ ಸೋತರು. ಅದನ್ನು ಕೇಳಿದಂದಿನಿಂದ ಹಿತ್ತಿಲ ಬಾಗಿಲು ಅಲುಗಿದರೂ ನಾನು ಎದ್ದು ಚಿಲಕ ನೋಡಿ ಬರುತ್ತಿದ್ದೆ. ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೂ ಹೆದರಿಕೆ ಹೆದರಿಕೆಯೇ.

ಕಳೆದ ಆಟಿಯಲ್ಲಿ, ಬಡಿಸುವ ದಿನ ಬೆಳಿಗ್ಗೆ ನಾನೀಗಿರುವ ಮಣಿಪಾಲದಿಂದ ಊರಿಗೆ ಹೋದವಳು ನನ್ನ ಹೊಸ ಕತೆಯನ್ನು ಅಮ್ಮನಿಗೆ ಓದಿ ಹೇಳಿದೆ. ಅವಳಿಗೀಗ ಅಕ್ಷರ ಕಾಣುವುದಿಲ್ಲ. ಕತೆಯ ಮೀನುಗಾರ ನಾನೇ ಕಟ್ಟಿದವನು, ಅಣ್ಣನಲ್ಲ. "ಅವನನ್ನು ಕಡಲು ನುಂಗಿತು" ಎಂಬಲ್ಲಿಗೆ ಬಂದೆ.

"ನುಂಗಿದ್ದನ್ನು ನೀನು ನೋಡಿದ್ದೀಯಾ?" ಎಂದಳು ಅಮ್ಮ.

"ಕತೆಯಲ್ಲಿ ಹಾಗೆ ಹೇಳುವುದಮ್ಮ. ಕಡಲಿಗೆ ಬಾಯಿ ಉಂಟಾ?"

"ಮತ್ತೆ ನಾನು ಹೇಳುವುದೂ ಹಾಗೇ ಅಲ್ವಾ, ಹೋಗಿದ್ದಾನೆ ಅಂತ."

ಇಷ್ಟು ವರ್ಷ ಅವಳು ಅದನ್ನು ನಂಬಿ ಕೂತಿದ್ದಾಳೆಂದೇ ನಾವೆಲ್ಲ ತಿಳಿದಿದ್ದೆವು. ಅವಳೇ, "ಇನ್ನೊಂದು ಎಲೆ ಕೊಯ್ದು ತಾ" ಎಂದಳು. ನನಗೆ ಅಳು ಬಂತು, ಅವಳಿಗೆ ಬರಲಿಲ್ಲ.

ಮುಸ್ಸಂಜೆಗೆ ಮೂರು ಎಲೆಗೂ ಅವಳೇ ತಡವರಿಸುತ್ತ ಬಡಿಸಿ ಬಾಗಿಲು ಎಳೆದಳು. ಇಬ್ಬರೂ ಹೊರಗೆ ಕೂತೆವು. ಒಳಗೆ ಏನೂ ಸದ್ದಿಲ್ಲ. ಸಾಕಷ್ಟು ಹೊತ್ತಾಯಿತೆಂದು ನಾನೆದ್ದು ಬಾಗಿಲು ತಟ್ಟಲು ಕೈ ಎತ್ತಿದೆ. ಅಮ್ಮ ಕೈ ಹಿಡಿದುಕೊಂಡಳು.

"ಸ್ವಲ್ಪ ನಿಲ್ಲು ಮಗಾ. ಅವನು ಊಟ ಮಾಡುವುದು ನಿಧಾನ."