ಮೇಲಿನ ತೊಟ್ಟಿ

2006ರ ಜೂನ್‌ನ ಒಂದು ಮಧ್ಯಾಹ್ನ ಫ್ರಾನ್ಸಿನ ಚಿಕ್ಕ ಊರೊಂದರ ಹಳೆಯ ಕಾರಂಜಿಯಲ್ಲಿ ನಾನು ಮೊಸರನ್ನದ ಸ್ಟೀಲ್ ಡಬ್ಬಿ ತೊಳೆದೆ.

ಕಲ್ಲಿನ ಸಿಂಹದ ಬಾಯಿಂದ ನೀರು ಮೇಲಿನ ತೊಟ್ಟಿಗೆ ಬಿದ್ದು, ಅಲ್ಲಿಂದ ಕೆಳಗಿನ ಎರಡಕ್ಕೆ ಹರಿಯುತ್ತಿತ್ತು. ಮೇಲಿನದು ಕುಡಿಯುವುದಕ್ಕೆ, ಕೆಳಗಿನವು ತೊಳೆಯುವುದಕ್ಕೆ. ಗೋಡೆಯ ಮೇಲೆ ಚಿತ್ರ ಸಮೇತ ಹಾಗೆ ಬರೆದಿತ್ತು. ನಾನು ನೋಡಿರಲಿಲ್ಲ. ಮೇಲಿನ ತೊಟ್ಟಿಗೇ ಡಬ್ಬಿ ಅದ್ದಿ ಉಪ್ಪಿನಕಾಯಿಯ ಜಿಡ್ಡನ್ನು ಬೆರಳಿನಿಂದ ಉಜ್ಜಿದೆ. ಅಗುಳು ತೇಲಿದವು. ಎಂಜಲಿನ ವಿಷಯದಲ್ಲಿ ಕಟ್ಟುನಿಟ್ಟಾದ ಮನೆಯಲ್ಲಿ ಬೆಳೆದವನು ನಾನು. ಹೂಜಿ ಹಿಡಿದು ಬಂದ ಮುದುಕಿಯೊಬ್ಬಳು ನಿಂತು ನೋಡಿ, ಖಾಲಿ ಹೂಜಿಯೊಂದಿಗೆ ವಾಪಸು ಹೋದಳು. ಹೋಗಿ ಸಾರಿ ಹೇಳು ಎಂದು ಒಂಬತ್ತು ವರ್ಷದ ಮಗಳು ಇಂಗ್ಲಿಷಿನಲ್ಲಿ ಎರಡು ಸಲ ಹೇಳಿದಳು. ನಾನು ಡಬ್ಬಿಗೆ ಮುಚ್ಚಳ ಹಾಕಿ ಕಾರಿನ ಕಡೆ ನಡೆದೆ.

ಅಮೆರಿಕದಲ್ಲಿ ನಾವಿದ್ದ ಊರು ಕಮ್ಮಿಂಗ್‌ಗೆ ಮರಳಿದ ಮೇಲೆ ಕನ್ನಡ ಸಂಘದ ದೀಪಾವಳಿ ಸಂಚಿಕೆಗೆ ಆ ಕಾರಂಜಿಯ ಬಗ್ಗೆ ಲೇಖನ ಕೊಟ್ಟೆ. ಬೆಂಗಳೂರಿನಲ್ಲಿ ಹನ್ನೊಂದು ವರ್ಷ ವರದಿಗಾರನಾಗಿದ್ದವನು. ಅಳತೆ, ಕಟ್ಟಿಸಿದ ಕಾಲ ಎಲ್ಲವನ್ನೂ ಎರಡೆರಡು ಸಲ ಪರಿಶೀಲಿಸಿದೆ. ಡಬ್ಬಿ ತೊಳೆದದ್ದನ್ನೂ ಬಿಡಲಿಲ್ಲ. ‘ಪ್ರವಾಸಿಯೊಬ್ಬ’ ಎಂದು ಬರೆದೆ. ಅವನಿಗೆ ನಾಗರಿಕ ಪ್ರಜ್ಞೆ ಇಲ್ಲವೆಂದು ಎರಡು ಸಾಲು ಸೇರಿಸಿದೆ. ಆ ಸಾಲುಗಳನ್ನು ಹಲವರು ಮೆಚ್ಚಿಕೊಂಡರು.

ಭಾನುವಾರದ ಕನ್ನಡ ತರಗತಿ ಹತ್ತಿರದ ಊರು ಅಲ್ಫರೆಟಾದಲ್ಲಿ ಒಬ್ಬರ ಮನೆಯ ಬೇಸ್‌ಮೆಂಟಿನಲ್ಲಿ ನಡೆಯುತ್ತಿತ್ತು. ಪಾಠ ಹೇಳುವ ಆಂಟಿ ಒಂದು ವಾರ ಮಕ್ಕಳಿಂದ ನನ್ನ ಲೇಖನವನ್ನೇ ಓದಿಸಿದರು. ಮಗಳನ್ನು ಕರೆದೊಯ್ಯಲು ಬಂದ ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ಅವಳ ಪಾಲಿಗೆ ಡಬ್ಬಿ ತೊಳೆದ ಭಾಗವೇ ಬಂತು. ಅಕ್ಷರ ಕೂಡಿಸಿಕೊಂಡು ಓದಿ, ನಿಲ್ಲಿಸಿದಳು.

“ಆಂಟಿ, ಇದು ಬೇರೆ ಯಾರೋ ಅಲ್ಲ. ನನ್ನ ಅಪ್ಪ.”

ಮಕ್ಕಳು ನಕ್ಕರು. ಆಂಟಿ ನನ್ನನ್ನು ನೋಡಿ ಪುಟ ತಿರುವಿದರು.

ಕಾರಿನಲ್ಲಿ ಮಗಳು ಕೇಳಿದಳು: “ಅಪ್ಪ, ನ್ಯೂಸ್‌ಪೇಪರ್‌ನಲ್ಲಿ ಬರೀವಾಗ್ಲೂ ಹೀಗೇ ಮಾಡ್ತಿದ್ಯಾ?”

ನಾನು ಹೈವೇ ಬಿಟ್ಟು ನಮ್ಮ ಊರಿನ ಎಕ್ಸಿಟ್‌ಗೆ ಕಾರು ತಿರುಗಿಸಿದೆ.

ಮರುದಿನ, ಆ ಪ್ರವಾಸಿ ನಾನೇ ಎಂದು ಸಂಪಾದಕರಿಗೆ ತಿದ್ದುಪಡಿ ಕಳಿಸಿದೆ. ಅವರು ಫೋನ್ ಮಾಡಿದರು.

“ಎಲ್ರಿಗೂ ಗೊತ್ತಾಗಿದೆಯಲ್ಲ ಸಾರ್, ಇನ್ಯಾಕೆ ಪ್ರಿಂಟ್ ಮಾಡೋದು?”

ಮಗಳಿಗೋಸ್ಕರ ಎನ್ನಲು ನಾಚಿಕೆಯಾಯಿತು. ದಾಖಲೆಗೆ ಬೇಕು ಎಂದೆ.

2007ರ ಯುಗಾದಿ ಸಂಚಿಕೆಯ ಕೊನೆಯ ಪುಟದಲ್ಲಿ ಮೂರು ಸಾಲು ಅಚ್ಚಾದವು. ಮಗಳು ಬೆರಳಿಟ್ಟು ಒಂದು ಸಲ ಓದಿ, ಪತ್ರಿಕೆಯನ್ನು ನನ್ನ ಕೈಗೆ ವಾಪಸು ಕೊಟ್ಟಳು.